ಎಸರಿಗೆ ಒಂದು ಚೊಂಬು ನೀರು

ಆಟದ ಹಾಸು ಮೊದಲು ಒಂದು ಹಳೆಯ ಹೊದಿಕೆಯಾಗಿತ್ತು. ಅದರ ಮೇಲೆ ಬಟ್ಟೆಗೆ ಹಚ್ಚುವ ಬಣ್ಣದಲ್ಲಿ ಒಂದು ಊರನ್ನು ಬರೆದಿದ್ದರು. ಮೇಲ್ತುದಿಯಲ್ಲಿ ಗುಡ್ಡ, ಅದರ ಕೆಳಗೆ ಇಳಿಜಾರಿನಲ್ಲಿ ಹನ್ನೊಂದು ಚೌಕ, ಚೌಕಗಳ ಕೆಳಗೆ ಕೆರೆ, ಕೆರೆಯ ಏರಿ, ಏರಿಯಾಚೆ ಒಂದು ಬಾವಿ. ಬರೆದವರು ವಿಜ್ಞಾನ ಪಾಠ ಮಾಡಿ ನಿವೃತ್ತರಾದ ಶಿಕ್ಷಕಿ. ಕೋಲಾರದಿಂದ ಸುಗಟೂರಿಗೆ ಹೋಗುವ ಬಸ್ಸಿನ ದಾರಿಯಲ್ಲಿ ಅವರ ಮನೆ. ಅವರು ಊರೂರಿಗೆ ಹೋಗಿ ಈ ಆಟ ಆಡಿಸುತ್ತಿದ್ದರು. ನಾನು ಪತ್ರಿಕೆಯ ಕೆಲಸ ಬಿಟ್ಟಿದ್ದೆ. ಆಟದ ದಾಖಲೆ ಬರೆಯಲು ಒಬ್ಬರು ಬೇಕು ಎಂದರು, ಒಪ್ಪಿಕೊಂಡೆ. ಯಾರು ಏನು ಹೇಳಿದರು, ಯಾವ ಚೌಕದಲ್ಲಿ ಕೂತು ಹೇಳಿದರು, ಇಷ್ಟು ಬರೆದರೆ ಸಾಕು ಎಂಬುದು ಅವರ ಷರತ್ತು. "ನಿಮ್ಮ ಅಭಿಪ್ರಾಯ ಬೇಡ" ಎಂದೂ ಹೇಳಿದ್ದರು. ಪತ್ರಿಕೆಯಲ್ಲೂ ನನಗೆ ಅದನ್ನೇ ಹೇಳುತ್ತಿದ್ದರು.

ಆಟ ಸರಳ. ಹುಣಸೆ ಬೀಜಗಳ ಮೇಲೆ ಗುರುತು ಮಾಡಿ ಒಂದು ಚೀಲದಲ್ಲಿ ಹಾಕಿರುತ್ತಿದ್ದರು. ಕೈಗೆ ಬಂದ ಬೀಜದಂತೆ ಒಬ್ಬೊಬ್ಬರಿಗೆ ಒಂದೊಂದು ಚೌಕ. ಒಬ್ಬರಿಗೆ ಮರಗಳ ತೋಪು, ಒಬ್ಬರಿಗೆ ರಾಗಿ ಹೊಲ, ಇನ್ನೊಬ್ಬರಿಗೆ ಟೊಮೆಟೊ, ಮಾವು, ಹಿಪ್ಪುನೇರಳೆ, ದನದ ಕೊಟ್ಟಿಗೆ, ಮನೆಗಳ ಸಾಲು, ಹೀಗೆ. ಒಬ್ಬರಿಗೆ ಬಾವಿ. ಪ್ರತಿ ಚೌಕಕ್ಕೂ ಒಂದು ಪುಟ್ಟ ಡಬ್ಬಿ. ತೋಪಿನ ಡಬ್ಬಿ ಖಾಲಿ. ಹೊಲದ ಡಬ್ಬಿಯಲ್ಲಿ ಗೊಬ್ಬರದ ಬದಲು ಅರಿಶಿನ. ಔಷಧಿ ಹೊಡೆಯುವ ಬೆಳೆಗಳಿಗೆ ಅರಿಶಿನದ ಜೊತೆ ಬಿಳಿ ರಂಗೋಲಿ ಪುಡಿ. ಮನೆಗಳಿಗೆ ಇದ್ದಿಲು. ಕೊಟ್ಟಿಗೆಗೆ ಕಾಫಿ ಪುಡಿ. ಗುಡ್ಡದ ಮೇಲೆ ಮಳೆ ಬಂತು ಎಂದು ಶಿಕ್ಷಕಿ ಹೇಳಿದ ಕೂಡಲೇ ಒಂದು ಗಾಜಿನ ಜಾಡಿಯಲ್ಲಿ ತಿಳಿನೀರು ಕೈಯಿಂದ ಕೈಗೆ ಕೆಳಗಿಳಿಯುತ್ತದೆ. ಪ್ರತಿಯೊಬ್ಬರೂ ತಮ್ಮ ಚೌಕದಲ್ಲಿ ಏನು ನಡೆಯುತ್ತಿದೆ ಎಂದು ಹೇಳಿ ಒಂದು ಚಮಚ ಹಾಕುತ್ತಾರೆ. ಕೊನೆಗೆ ಜಾಡಿ ಬಾವಿಯ ಹತ್ತಿರ ಕೂತವರ ಕೈಗೆ ಬರುತ್ತದೆ. ಆಗ ಶಿಕ್ಷಕಿ ಕೇಳುವ ಪ್ರಶ್ನೆ ಒಂದೇ: ಕುಡಿಯುತ್ತೀರಾ?

ಮಾಲೂರು ಕಡೆಯ ಊರಿನಲ್ಲಿ ಒಂದು ಚೌಕವನ್ನು ಇಟ್ಟಿಗೆ ಗೂಡು ಮಾಡಿಕೊಂಡು ಆಡಿದೆವು. ಎಲ್ಲರೂ ಹೇಳಿದಂತೆ ಹಾಕಿದರು. ಜಾಡಿ ಕೊನೆಗೆ ಚರಂಡಿಯ ಬಣ್ಣಕ್ಕೆ ಬಂತು. ಬಾವಿಯ ಹತ್ತಿರ ಕೂತವರು ಕುಡಿಯುವುದಿಲ್ಲ ಎಂದರು. ಚಪ್ಪಾಳೆಯಾಯಿತು. ಸ್ವಲ್ಪ ಹೊತ್ತಿಗೆ ಅಂಗಳ ಖಾಲಿ. "ಆಟ ಸರಿಯಾಗಿ ನಡೆಯಿತು" ಎಂದು ನಾನು ಬರೆದೆ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಶಿಕ್ಷಕಿ ಆ ಸಾಲು ಓದಿ, "ಸರಿಯಾಗಿ ನಡೀತು, ನಿಜ. ನಡೆದು ಏನಾಯ್ತು?" ಎಂದರು. ಅದು ನನ್ನನ್ನು ಕೇಳಿದ ಪ್ರಶ್ನೆಯಲ್ಲ ಎಂದುಕೊಂಡು ಪುಸ್ತಕ ವಾಪಸ್ಸು ತೆಗೆದುಕೊಂಡೆ.

ಮುಳಬಾಗಿಲು ತಾಲ್ಲೂಕಿನಲ್ಲಿ, ಕುರುಡುಮಲೆಯಿಂದ ಸ್ವಲ್ಪ ಮುಂದೆ, ಆಟ ಮುಗಿಯಲೇ ಇಲ್ಲ. ಬಾವಿ ಚೌಕ ಬಂದವರು, ಜಾಡಿ ಇನ್ನೂ ಅರ್ಧ ದಾರಿಯಲ್ಲಿರುವಾಗಲೇ, "ನಾನು ಈ ಜಾಗ ಮಾರಿ ಮೇಲಕ್ಕೋಗ್ತೀನಿ" ಎಂದು ಎದ್ದರು. ಗುಡ್ಡದವರು ವ್ಯಾಪಾರಕ್ಕೆ ಕೂತರು. ನೋಡುತ್ತಿದ್ದಂತೆ ಕೆರೆಯ ಪಕ್ಕದವರೂ ಎದ್ದರು. ಎಲ್ಲರೂ ಹಾಸಿನ ಮೇಲ್ತುದಿಯಲ್ಲಿ ಒತ್ತಿಕೊಂಡು ಕೂತಿದ್ದರು, ಕೆಳಗೆ ಯಾರೂ ಇರಲಿಲ್ಲ. ಜಾಡಿ ಹಿಡಿದಿದ್ದ ಹೆಂಗಸು, "ಇದನ್ನ ಯಾರಿಗೆ ಕೊಡ್ಲಿ ಮೇಡಂ?" ಎಂದು ಕೇಳಿದರು. ಅದನ್ನೂ ಬರೆದುಕೊಂಡೆ.

ಮೂರನೆಯದು ಶ್ರೀನಿವಾಸಪುರ ತಾಲ್ಲೂಕಿನ ಊರು. ಯಲ್ದೂರಿನಲ್ಲಿ ಬಸ್ಸಿಳಿದು ಮಾವಿನ ತೋಟಗಳ ನಡುವೆ ಆಟೋದಲ್ಲಿ ಒಳಗೆ ಹೋಗಬೇಕು. ನಾನು ಬರೆಯಬೇಕಾದದ್ದು ಈ ಊರಿನದು.

ಆಟಕ್ಕೆ ಒಂದು ವಾರ ಮೊದಲು ಊರು ನೋಡಿ ಬರುವುದು ಶಿಕ್ಷಕಿಯ ಪದ್ಧತಿ. ಅಲ್ಲಿ ನಮ್ಮನ್ನು ಕರೆದು ಕೂರಿಸಿದವರು ಒಬ್ಬ ಅಜ್ಜಿ. ಊರಿನವರಿಗೆಲ್ಲ ಆಕೆ 'ಅವ್ವ'. ಸೊಂಟದಲ್ಲಿ ಎಲೆ ಅಡಿಕೆಯ ಚೀಲ, ಮಾತಿನಲ್ಲಿ ಅರ್ಧ ಕನ್ನಡ ಅರ್ಧ ತೆಲುಗು. ಮೊಮ್ಮಗಳ ಮದುವೆ ಗೊತ್ತಾಗಿತ್ತು. ಮಾವು ಹೂ ಬಿಡುವ ಹೊತ್ತಿಗೆ ಮುಹೂರ್ತ. ನಾವು ನೀರಿನ ವಿಷಯಕ್ಕೆ ಬಂದವರು ಎಂದು ಗೊತ್ತಾದ ಕೂಡಲೇ ಆಕೆ ಬೇರೆ ಮಾತು ಬಿಟ್ಟು ತಮ್ಮ ಬಾವಿಯ ಮಾತಿಗೆ ಬಂದರು.

ಬಾವಿ ಕೆರೆಯ ಏರಿಯ ಕೆಳಗಿದೆ. ಕಲ್ಲು ಕಟ್ಟಿದ, ಇಳಿಯಲು ಮೆಟ್ಟಿಲಿರುವ ಬಾವಿ. ಅವರ ಮನೆಯಲ್ಲಿ ಯಾವ ಮದುವೆಯಾದರೂ ಹಿಂದಿನ ದಿನ, ಅಂದರೆ ಚಪ್ಪರದ ದಿನ, ಹೆಂಗಸರು ಕಳಶ ಹಿಡಿದು ಅಲ್ಲಿಗೆ ಹೋಗಿ, ಪೂಜೆ ಮಾಡಿ, ಗಂಗೆ ತರುವುದು ರೂಢಿ. ಇದು ಎಲ್ಲ ಕಡೆ ಇರುವುದೇ. ಅವರ ಮನೆಯಲ್ಲಿ ಇನ್ನೊಂದು ಶಾಸ್ತ್ರ ಸೇರಿತ್ತು. ತಂದ ಗಂಗೆಯಲ್ಲಿ ಒಂದು ಚೊಂಬನ್ನು ಅಂದೇ ಶುರುವಾಗುವ ಮದುವೆಯೂಟದ ಅನ್ನದ ಎಸರಿಗೆ ಹಾಕಬೇಕು. ಬಂದವರೆಲ್ಲ ಆ ಊರಿನ ನೀರಿನಲ್ಲಿ ಬೆಂದ ಅನ್ನ ಉಂಡು ಹೋಗಬೇಕು.

ನಡುವೆ ಬಹಳ ವರ್ಷ ಕೆರೆಗೆ ನೀರು ಬರಲಿಲ್ಲ, ಬಾವಿಯೂ ಬತ್ತಿತು. ಹಿರಿಯ ಮೊಮ್ಮಗನ ಮದುವೆ ಆ ಕಾಲದಲ್ಲಿ ನಡೆಯಿತು. ಊರಲ್ಲಿದ್ದ ನೀರೆಂದರೆ ಬಿಲ್ಲೆ ಹಾಕಿದರೆ ಕ್ಯಾನು ತುಂಬುವ ಫಿಲ್ಟರ್ ನೀರಿನ ಘಟಕದ್ದು. ಹೆಂಗಸರು ಕಳಶ ಹಿಡಿದು ಅಲ್ಲಿಗೇ ಹೋದರು. ಯಂತ್ರಕ್ಕೆ ಅರಿಶಿನ ಕುಂಕುಮ ಹಚ್ಚಿದರು, ಕಾಯಿ ಒಡೆದರು, ಬಿಲ್ಲೆ ಹಾಕಿದರು. ಯಂತ್ರ ಒಂದು ಕ್ಯಾನಿನಷ್ಟು ನೀರು ಕೊಡದೆ ನಿಲ್ಲುವುದಿಲ್ಲ. ಕಳಶ ತುಂಬಿ ಚೆಲ್ಲಿ, ರೇಷ್ಮೆ ಸೀರೆಗಳು ಮೊಳಕಾಲವರೆಗೆ ನೆನೆದವು.

"ಗಂಗಮ್ಮನ್ನ ಕರೆಯಾಕೆ ಕಾಸು ಹಾಕ್ಬೇಕೇನಮ್ಮ? ಅದೇನು ಟೆಲಿಫೋನ್ ಬೂತಾ?" ಎಂದು ಅಜ್ಜಿ ಶಿಕ್ಷಕಿಯನ್ನು ಕೇಳಿದರು. "ಈ ಸಲ ಬಾವೀಲಿ ನೀರೈತೆ. ಎಸರಿಗೆ ಅದನ್ನೇ ಹಾಕ್ಬೇಕು ನಾನು. ಆದ್ರೆ ವಾಸ್ನೆ. ಬಂದು ನೋಡು."

ನೀರಿತ್ತು. ಕೆರೆ ತುಂಬಿದ ಮೇಲೆ ಬಾವಿಗೆ ತಾನಾಗಿ ಜೀವ ಬಂದಿತ್ತು. ವಾಸನೆಯೂ ಇತ್ತು. ಅದಕ್ಕೆ ಕಾರಣ ಹುಡುಕಬೇಕಾಗಿರಲಿಲ್ಲ. ಬಾವಿಯ ಪಕ್ಕದ ದಿನ್ನೆಯ ಮೇಲೆ ಆಕೆಯ ಮೈದುನನ ಮಗನ ಕೊಟ್ಟಿಗೆ. ಎಂಟು ಸೀಮೆ ಹಸು, ಸಿಮೆಂಟು ನೆಲ, ದಿನಕ್ಕೆರಡು ಸಲ ಪೈಪು ಹಿಡಿದು ತೊಳೆಯುತ್ತಾರೆ. ತೊಳೆದ ನೀರು ಒಂದು ಸಣ್ಣ ಕಾಲುವೆಯಲ್ಲಿ ದಿನ್ನೆ ಇಳಿದು ಬಾವಿಯ ಹಿಂದಿನ ಪೊದೆಯಲ್ಲಿ ಇಂಗುತ್ತಿತ್ತು. ಕೊಟ್ಟಿಗೆಯ ಹಿಂದೆ ತಿಪ್ಪೆ.

ಶಿಕ್ಷಕಿಯ ಚೀಲದಲ್ಲಿ ನೀರು ಪರೀಕ್ಷೆಯ ಪುಟ್ಟ ಬಾಟಲಿಗಳಿದ್ದವು. ನೀರು ತುಂಬಿಸಿ ಬೆಚ್ಚಗೆ ಇಡಬೇಕು. ನೀರಿನಲ್ಲಿ ಮಲ, ಸಗಣಿಯ ಕೊಳೆ ಸೇರಿದ್ದರೆ ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಬಾವಿಯ ನೀರು ತುಂಬಿದ ಒಂದು ಬಾಟಲಿಯನ್ನು ಅಜ್ಜಿ ರಾಗಿ ಮೂಟೆಗಳ ನಡುವೆ ಇಟ್ಟರು. ಮಾರನೆಯ ದಿನ ಬೆಳಿಗ್ಗೆ ಶಿಕ್ಷಕಿಗೆ ಫೋನ್ ಬಂತು. "ಕಾಡಿಗೆ ಆಗೋಗೈತೆ ಕಣಮ್ಮ" ಎಂದು ಹೇಳಿ ಇಟ್ಟರಂತೆ.

ಆಟಕ್ಕೆ ಜಾಗ ಹಾಲಿನ ಡೈರಿಯ ಮುಂದಿನ ಸಿಮೆಂಟು ಅಂಗಳ. ಸಂಜೆ ಹಾಲು ಕರೆಯುವ ಹೊತ್ತಿಗೆ ಎಲ್ಲರೂ ಎದ್ದು ಹೋಗುತ್ತಾರೆ, ಅಷ್ಟರೊಳಗೆ ಮುಗಿಸಬೇಕು. ಹಾಸು ಹರಡಿ ಡಬ್ಬಿಗಳನ್ನು ತೆಗೆದಾಗ ರಂಗೋಲಿಯ ಡಬ್ಬಿ ಖಾಲಿಯಾಗಿತ್ತು. ಆಟೋದಲ್ಲಿ ಮುಚ್ಚಳ ಬಿಚ್ಚಿಕೊಂಡು ಪುಡಿಯೆಲ್ಲ ನನ್ನ ಚೀಲದ ತಳ ಸೇರಿತ್ತು.

"ಏನು, ಬೆಳ್ಳಗಿರೋದು ಬೇಕು ತಾನೆ?" ಎಂದು ಅಜ್ಜಿ ಸೊಂಟದ ಚೀಲದಿಂದ ಸುಣ್ಣದ ಕಾಯಿ ತೆಗೆದುಕೊಟ್ಟರು. ಶಿಕ್ಷಕಿ ವಿಜ್ಞಾನ ಓದಿಸಿದವರು. ಅರಿಶಿನಕ್ಕೆ ಸುಣ್ಣ ಸೇರಿದರೆ ಏನಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು, ಅಲ್ಲಿದ್ದ ಪ್ರತಿ ಹೆಂಗಸಿಗೂ ಗೊತ್ತಿತ್ತು. ಯಾರಿಗೂ ಆ ಕ್ಷಣಕ್ಕೆ ಹೊಳೆಯಲಿಲ್ಲ. ಹಾಲಿನ ಹೊತ್ತಾಗುತ್ತದೆ ಎಂಬ ಅವಸರದಲ್ಲಿ ಸುಣ್ಣವನ್ನು ಆ ಖಾಲಿ ಡಬ್ಬಿಗೇ ಹಾಕಿ ಟೊಮೆಟೊದ ಚೌಕದಲ್ಲಿಟ್ಟರು.

ಬೀಜ ಎತ್ತಿದಾಗ ಮೈದುನನ ಮಗನಿಗೆ ಬಾವಿ ಬಂತು. ಅಜ್ಜಿಗೆ ಕೊಟ್ಟಿಗೆ ಬಂತು. ಅಂಗಳದಲ್ಲಿ ನಗು ಎದ್ದಿತು.

"ಏನ್ಲಾ, ಬಾವಿ ನಿಂದಾಯ್ತು" ಎಂದು ಯಾರೋ ಹಿಂದಿನಿಂದ ಕೂಗಿದರು.

"ದೊಡ್ಡಮ್ಮ, ನನ್ನ ಹಸುಗಳ್ನ ಚೆನ್ನಾಗಿ ನೋಡ್ಕೋ" ಎಂದು ಆತ ಕೈಮುಗಿದರು.

"ನಿನ್ನ ಹಸುಗೇನ್ಲಾ ಬಂದಿರೋದು. ನೀನು ನೀರು ನೋಡ್ಕೋ" ಎಂದು ಅಜ್ಜಿ ಕಾಫಿ ಪುಡಿಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತರು.

ಶಿಕ್ಷಕಿ ಮಳೆ ಬಂತು ಎಂದರು. ಜಾಡಿ ಹೊರಟಿತು. ತೋಪಿನವರು ಏನೂ ಹಾಕಲಿಲ್ಲ. ರಾಗಿ ಹೊಲದವರು ಚಿಟಿಕೆ ಅರಿಶಿನ ಹಾಕಿದರು, ನೀರು ಹಳದಿಯಾಯಿತು. ಟೊಮೆಟೊ ಬಂದಿದ್ದ ಹೆಂಗಸು, "ವಾರಕ್ಕೊಂದು ಸಲ ಔಷ್ದಿ ಹೊಡೀತೀನಿ, ಇಲ್ದಿದ್ರೆ ಕಾಯಿ ನಿಲ್ಲಲ್ಲ" ಎಂದು ಇದ್ದದ್ದನ್ನೇ ಹೇಳಿ, ತಮ್ಮ ಡಬ್ಬಿಯಿಂದ ಒಂದು ಚಮಚ ಹಾಕಿ ಅಲ್ಲಾಡಿಸಿದರು.

ಜಾಡಿ ಕೆಂಪಾಯಿತು.

ಕೊಳಕು ಕೆಂಪಲ್ಲ. ಆರತಿ ತಟ್ಟೆಯಲ್ಲಿ ಇರುವ ಕೆಂಪು. ಜಾಡಿ ಹಿಡಿದಿದ್ದ ಹೆಂಗಸು ಪಕ್ಕದವಳಿಗೆ, "ಚೂಡವೇ, ಎರ್ರಗಾ ಅಯಿಪೋಯಿಂದಿ" ಎಂದರು. ನೋಡೇ, ಕೆಂಪಾಗಿಹೋಯಿತು ಎಂದು. ಹಿಂದೆ ನಿಂತಿದ್ದವರು ಬಗ್ಗಿ ನೋಡಿದರು. ಒಬ್ಬರು ಚಪ್ಪಲಿ ಬಿಟ್ಟರು.

ಅಜ್ಜಿ ಎದ್ದು ಹೋಗಿ ಜಾಡಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಅಂಗಳದಲ್ಲಿದ್ದವರಿಗೆಲ್ಲ ಒಟ್ಟಾಗಿ ಮೂರು ಸಲ ನಿವಾಳಿಸಿದರು. ಬೆರಳು ಅದ್ದಿ ತಮ್ಮ ಕಣ್ಣಿಗೆ ಒತ್ತಿಕೊಂಡು, ಹತ್ತಿರ ಕೂತಿದ್ದ ಶಿಕ್ಷಕಿಯ ಹಣೆಗೂ ಒಂದು ಬೊಟ್ಟಿಟ್ಟರು. ಆಟದ ಕೊಳಕು ನೀರು ಹೀಗೆ ಆರತಿ ನೀರಾಯಿತು. ಶಿಕ್ಷಕಿ ಏನು ಮಾಡಬೇಕೆಂದು ತಿಳಿಯದೆ ನನ್ನ ಕಡೆ ನೋಡಿದರು. ಅವರ ಹಣೆಯ ಮೇಲಿನ ಬೊಟ್ಟು ಹುಬ್ಬಿನ ಕಡೆ ಇಳಿಯುತ್ತಿತ್ತು. ನಾನು ಸಮಯ ಬರೆದುಕೊಂಡೆ.

ಈ ಸಂದರ್ಭವನ್ನು ಬಿಡದೆ ಹಿಡಿದವರು ಮೈದುನನ ಮಗ. ಬಾವಿ ಚೌಕದಿಂದಲೇ ಮಾತಾಡಿದರು.

"ಮೇಡಂ, ಈಗ ನೀವೇ ನೋಡಿದ್ರಲ್ಲ. ನೀವು ಗಲೀಜು ಅಂತ ತಂದ್ರಿ, ದೊಡ್ಡಮ್ಮ ಆರತಿ ನೀರು ಅಂತಾಳೆ. ನಂದೂ ಅಂಗೇನೆ. ಸಗಣಿ, ಗಂಜಲ. ಹೊಸ್ತಿಲು ಸಾರ್ಸಾಕೆ ಸಗಣಿ ಬೇಕು. ಪುಣ್ಯಾರ್ಚನೆಗೆ ಗಂಜಲ ಬೇಕು. ಮನೇಲಿ ಸಾವಾದ್ರೆ ಅದನ್ನೇ ಚಿಮುಕಿಸಿ ಮೈಲ್ಗೆ ಕಳೀತೀವಿ. ಅಂಗಳಕ್ಕೆ ಹಾಕಿದ್ರೆ ಮಡಿ, ಬಾವಿಗೆ ಹೋದ್ರೆ ಗಲೀಜಾ? ಅದೆಂಗೆ?"

ಗಂಡಸರ ಕಡೆಯಿಂದ ಹೂಂಗುಟ್ಟುವ ಸದ್ದು ಬಂತು. ಆತ ಮುಂದುವರಿಸಿದರು.

"ಇನ್ನೊಂದು ಮಾತು. ನಾನು ಕೊಟ್ಟಿಗೆ ಕಟ್ಟಿದಾಗ ಬಾವೀಲಿ ನೀರೆಲ್ಲಿತ್ತು? ಮುಳ್ಳು ಬೆಳೆದಿತ್ತು. ಸತ್ತೋದ ಬಾವಿ ಪಕ್ಕ ಕಟ್ಟಿದ್ದೀನಿ. ಅದು ಎದ್ದು ಬಂದ್ರೆ ನನ್ನ ತಪ್ಪಾ?"

ಶಿಕ್ಷಕಿ ಮೊದಲನೆಯ ಮಾತಿಗೆ ಉತ್ತರ ಕೊಡಲು ಹೊರಟರು. ಕಣ್ಣಿಗೆ ಕಾಣದ ಜೀವಿಗಳು ಎಂದು ಶುರು ಮಾಡಿದರು. ಕೇಳುವವರಿರಲಿಲ್ಲ. ಮಡಿ ಮೈಲಿಗೆಯ ಮಾತು ಬಂದ ಮೇಲೆ ಕಾಣದ ಜೀವಿಗಳ ಮಾತಿಗೆ ಅಲ್ಲಿ ಜಾಗವಿರಲಿಲ್ಲ.

ಅಜ್ಜಿ ಜಾಡಿ ಹಿಡಿದೇ ನಿಂತಿದ್ದರು. ಅದನ್ನು ಮೈದುನನ ಮಗನ ಮುಂದೆ ಚಾಚಿದರು.

"ತಗೋ, ಕುಡಿ."

"ಇದನ್ನಾ?"

"ಆರತಿ ನೀರು ಕಣೋ. ಒಳ್ಳೇದು. ಕುಡಿ."

"ಆರತಿ ನೀರು ಯಾರಾದ್ರೂ ಕುಡೀತಾರಾ ದೊಡ್ಡಮ್ಮ?"

"ಮತ್ತೇನು ಮಾಡ್ತಾರೆ?"

"ಕಣ್ಣಿಗೆ ಒತ್ಕೋತಾರೆ. ಆಮೇಲೆ ಗಿಡದ ಬುಡಕ್ಕೆ ಹಾಕ್ತಾರೆ."

"ಬಾವಿಗೆ ಹಾಕ್ತಾರಾ?"

ಆತ ಜಾಡಿಯನ್ನು ಕೈಯಿಂದ ಆಚೆ ಸರಿಸಿದರು.

"ನಿನ್ನ ಸಗಣಿ ಗಲೀಜು ಅಂತ ನಾನೆಂದೂ ಅಂದಿಲ್ಲ" ಎಂದರು ಅಜ್ಜಿ. "ನಾನೂ ಸಾರ್ಸಿದೀನಿ, ಬೆರಣಿ ತಟ್ಟಿದೀನಿ. ಅದರ ಜಾಗದಲ್ಲಿ ಅದು ಒಳ್ಳೇದೇ. ಆದ್ರೆ ಎಸರಿಗೆ ಹಾಕ್ತೀಯೇನ್ಲಾ?"

ಜಾಡಿಯನ್ನು ಅಂಗಳದ ಅಂಚಿಗೆ ಒಯ್ದು, ತುಳಿಯದ ಜಾಗ ನೋಡಿ, ನುಗ್ಗೆ ಗಿಡದ ಬುಡಕ್ಕೆ ಸುರಿದು ಬಂದು ತಮ್ಮ ಚೌಕದಲ್ಲಿ ಕೂತರು.

ಇನ್ನೊಂದು ಜಾಡಿ ನೀರು ತುಂಬಿಸಿ ಆಟ ಮತ್ತೆ ಶುರುವಾಯಿತು. ಈ ಸಲ ಟೊಮೆಟೊದವರು ಸುಣ್ಣ ಬಿಟ್ಟು ಬರೀ ಅರಿಶಿನ ಹಾಕಿದರು. ಜಾಡಿ ಕೊಟ್ಟಿಗೆಗೆ ಬಂತು. ಅಜ್ಜಿ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿ, ಮತ್ತೆ ಮುಚ್ಚಿದರು.

"ಹಾಕಿ ಅವ್ವ" ಎಂದರು ಶಿಕ್ಷಕಿ.

"ಹಾಕಲ್ಲ."

"ಹಾಕ್ಬೇಕು. ಕೊಟ್ಟಿಗೆ ತೊಳೆದ ನೀರು ಅದು."

"ನನ್ನ ಕೊಟ್ಟಿಗೆ ನೀರು ನನ್ನ ಹುಲ್ಲಿಗೆ ಹೋಗ್ತೈತೆ. ಹಸು ತಿನ್ನೋ ಹುಲ್ಲಿಗೆ ಬಿಟ್ಟಿದ್ದೀನಿ. ಇವನಿಗೆ ಯಾಕೆ ಕೊಡ್ಲಿ?" ಎಂದು ಜಾಡಿಯನ್ನು ಹಾಗೇ ಮುಂದೆ ದಾಟಿಸಿದರು.

ಆಟದ ನಿಯಮದಲ್ಲಿ ಹಾಕದೇ ಇರುವುದಕ್ಕೆ ಅವಕಾಶವಿರಲಿಲ್ಲ. ಮಾಲೂರಿನಲ್ಲಿ ಯಾರೂ ಕೇಳಿರಲಿಲ್ಲ. ಮುಳಬಾಗಿಲಿನಲ್ಲಿ ಜಾಗ ಬಿಟ್ಟು ಹೋಗಿದ್ದರೇ ಹೊರತು ಡಬ್ಬಿ ಮುಚ್ಚಿರಲಿಲ್ಲ. ಶಿಕ್ಷಕಿ ತಾವೇ ಬರೆದ ನಿಯಮಗಳ ಹಾಳೆಯನ್ನು ತಿರುಗಿಸಿ ನೋಡಿದರು. ನಂತರ ಮಡಚಿ ಚೀಲದಲ್ಲಿಟ್ಟರು. ಜಾಡಿ ಬಾವಿಯವರಿಗೆ ತಲುಪಿದಾಗ ಹಳದಿಯಾಗಿತ್ತು, ತಳದಲ್ಲಿ ಇದ್ದಿಲಿತ್ತು. ಕಪ್ಪಾಗಿರಲಿಲ್ಲ. ಮೈದುನನ ಮಗ ಅದನ್ನು ಬಿಸಿಲಿಗೆ ಹಿಡಿದು ಸ್ವಲ್ಪ ಹೊತ್ತು ನೋಡಿದರು. ಕುಡಿಯುತ್ತೀರಾ ಎಂದು ಶಿಕ್ಷಕಿ ಕೇಳಿದಾಗ, "ಇದನ್ನೂ ಕುಡಿಯಲ್ಲ ಮೇಡಂ. ಆದ್ರೆ ದೊಡ್ಡಮ್ಮನ ಮೇಲೆ ಕಂಪ್ಲೇಂಟು ಹೇಳಾಕಾಗಲ್ಲ" ಎಂದರು.

ಹಾಲಿನ ಹೊತ್ತಾಗಿತ್ತು. ಜನ ಎದ್ದರು. ಅಜ್ಜಿ ಕಾಫಿ ಪುಡಿಯ ಡಬ್ಬಿ ವಾಪಸ್ಸು ಕೊಡಲಿಲ್ಲ. "ಒಳ್ಳೆ ಪುಡಿ. ನೀರಿಗೆ ಸುರಿಯಾಕೆ ತಂದಿದ್ದೀರಲ್ಲ, ಬುದ್ಧಿ ಬೇಡ್ವಾ?" ಎಂದು ಡೈರಿಯ ಹಿಂದಿನ ಮನೆಗೆ ಕಳಿಸಿ ಕಾಫಿ ಮಾಡಿಸಿದರು. ಕ್ಯಾನುಗಳೊಂದಿಗೆ ಸಾಲು ನಿಂತವರಿಗೂ ಒಂದೊಂದು ಲೋಟ ಸಿಕ್ಕಿತು. ಮೈದುನನ ಮಗ ಕುಡಿದು ಲೋಟ ಕೆಳಗಿಟ್ಟು, "ಕೊಟ್ಟಿಗೆ ನೀರು ಚೆನ್ನಾಗೈತೆ" ಎಂದರು. ಈ ಸಲ ಎಲ್ಲರೂ ನಕ್ಕರು, ಅಜ್ಜಿಯೊಬ್ಬರನ್ನು ಬಿಟ್ಟು.

ಬಸ್ಸಿನಲ್ಲಿ ಶಿಕ್ಷಕಿ ಹಣೆಯ ಬೊಟ್ಟು ಒರೆಸಿಕೊಂಡಿರಲಿಲ್ಲ. ಆಟದ ನಿಯಮಕ್ಕೆ ಒಂದು ಸಾಲು ಸೇರಿಸಬೇಕು ಎಂದರು: ಆಡುವವರು ತಮ್ಮ ಡಬ್ಬಿಯಲ್ಲಿರುವುದನ್ನು ಬೇರೆಲ್ಲಿ ಹಾಕುತ್ತೇವೆ ಎಂದು ಹೇಳಿದರೆ ಅದನ್ನು ಜಾಡಿಗೆ ಹಾಕಬೇಕಾಗಿಲ್ಲ. ಅವರು ಹೇಳಿದ್ದನ್ನು ನಾನು ಬರೆದುಕೊಂಡೆ. ಅರಿಶಿನದ ಬದಲು ಏನು ಬಳಸಬೇಕು ಎಂಬುದು ಕೋಲಾರ ಬರುವವರೆಗೂ ತೀರ್ಮಾನವಾಗಲಿಲ್ಲ.

ಮದುವೆಗೆ ಒಂದು ತಿಂಗಳಿರುವಾಗ ಮತ್ತೆ ಹೋದೆವು. ಯಾರೂ ಕರೆದಿರಲಿಲ್ಲ. ಕೊಟ್ಟಿಗೆಯಿಂದ ಬಾವಿಯ ಕಡೆ ಇಳಿಯುತ್ತಿದ್ದ ಕಾಲುವೆಗೆ ಮಣ್ಣು ಮುಚ್ಚಿತ್ತು. ದಿನ್ನೆಯ ಆಚೆ ಬದಿಗೆ ಹೊಸ ಕಾಲುವೆ ತೋಡಿದ್ದರು. ಅದರ ಕೊನೆಯಲ್ಲಿ ನೇಪಿಯರ್ ಹುಲ್ಲು ಮೊಳಕಾಲೆತ್ತರ ಬಂದಿತ್ತು. ಮೈದುನನ ಮಗ ಹುಲ್ಲು ಕೊಯ್ಯುತ್ತಿದ್ದರು. ಕಾಲುವೆಯ ಮಾತನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಹುಲ್ಲು ಚೆನ್ನಾಗಿ ಬಂದಿದೆ ಎಂದು ಶಿಕ್ಷಕಿ ಹೇಳಿದರು. "ಹಸು ಹಾಲು ಜಾಸ್ತಿ ಕೊಡ್ತಾವೆ, ಅದಕ್ಕೆ ಬಿಟ್ಟಿದ್ದು" ಎಂದು ಅವರು ಹೇಳಿದರು.

ತಿಪ್ಪೆ ಮಾತ್ರ ಇದ್ದಲ್ಲೇ ಇತ್ತು. ಆ ಕಡೆ ತಿಪ್ಪೆಯನ್ನು ನಡುವೆ ಯಾರೂ ಮುಟ್ಟುವುದಿಲ್ಲ. ಬೇಸಿಗೆಯಲ್ಲಿ ಗೊಬ್ಬರ ಹೊಲಕ್ಕೆ ಹೊಡೆಯುವಾಗ ಅದು ಖಾಲಿಯಾಗಬೇಕು, ಆಮೇಲೆ ಬೇಕಾದರೆ ಬೇರೆ ಕಡೆ ಗುಂಡಿ ತೆಗೆಯಬಹುದು. ದೀಪಾವಳಿಯಲ್ಲಿ ಅದರ ಮೇಲೆ ದೀಪ ಇಟ್ಟಿದ್ದರು. ದೀಪ ಇಟ್ಟ ತಿಪ್ಪೆಯನ್ನು ಮದುವೆಗೋಸ್ಕರ ಹೊರಿಸಿ ಎಂದು ಹೇಳುವ ಧೈರ್ಯ ಅಜ್ಜಿಗೂ ಇರಲಿಲ್ಲ.

ಮದುವೆಗೆ ಕರೆದರು. ಚಪ್ಪರದ ದಿನಕ್ಕೆ ಮೂರು ದಿನ ಮೊದಲೇ ಬನ್ನಿ, ಬಾಟಲಿ ತನ್ನಿ ಎಂದು ಅಜ್ಜಿ ಹೇಳಿದ್ದರು. ಬಾವಿಯ ನೀರು ಮೇಲಿಂದ ನೋಡಿದರೆ ತಿಳಿಯಾಗಿತ್ತು, ವಾಸನೆಯಿರಲಿಲ್ಲ. ಅಜ್ಜಿ ಬಗ್ಗಿ ಮೂಸಿ ನೇರವಾದರು. ಬಾಟಲಿ ತುಂಬಿಸಿ ಮೈದುನನ ಮಗನ ಕೈಗೆ ಕೊಟ್ಟರು. "ನೀನೇ ಇಟ್ಕೋ. ನನ್ನ ರಾಗಿ ಮೂಟೆ ಮೇಲೆ ನಿಂಗೆ ನಂಬ್ಕೆ ಇಲ್ಲ ಅಂತ ಆಮೇಲೆ ಹೇಳ್ಬೇಡ" ಎಂದರು. ಆತ ಅದನ್ನು ಬಟ್ಟೆಯಲ್ಲಿ ಸುತ್ತಿ ಹಿಂಡಿ ಚೀಲಗಳ ನಡುವೆ ಇಟ್ಟರು. ಮೊದಲ ಬಾಟಲಿ ಒಂದು ರಾತ್ರಿಯಲ್ಲಿ ಕಪ್ಪಾಗಿತ್ತು. ಇದು ಒಂದು ದಿನ ತಿಳಿಯಾಗಿಯೇ ಇತ್ತು. ಎರಡನೆಯ ದಿನವೂ ಇತ್ತು. ಆತ ಹಾಲು ಕರೆಯುವ ಮೊದಲೊಮ್ಮೆ ಕರೆದ ಮೇಲೊಮ್ಮೆ ಹೋಗಿ ನೋಡುತ್ತಿದ್ದರು ಎಂದು ಅವರ ಹೆಂಡತಿ ಶಿಕ್ಷಕಿಗೆ ಹೇಳಿದರು.

ಚಪ್ಪರದ ದಿನ ಬೆಳಿಗ್ಗೆ ಆತ ಬಾಟಲಿ ತಂದು ಅಜ್ಜಿಯ ಮುಂದೆ ಇಟ್ಟರು. ಕಪ್ಪಾಗಿರಲಿಲ್ಲ. ತಿಳಿಯಾಗಿಯೂ ಇರಲಿಲ್ಲ. ಕಂದು ತಿರುಗಿತ್ತು.

"ಡಿಕಾಕ್ಷನ್ ಇದ್ದಂಗೈತೆ" ಎಂದರು ಅಜ್ಜಿ.

ಹೆಂಗಸರು ಗಂಗೆಗೆ ಹೊರಟು ನಿಂತಿದ್ದರು. ಅಜ್ಜಿ ಅದನ್ನು ನಿಲ್ಲಿಸಲಿಲ್ಲ. ಬಾವಿಗೇ ಹೋದರು. ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚಿ, ಎಲೆ ಅಡಿಕೆ ಇಟ್ಟು, ಕಾಯಿ ಒಡೆದು, ಕಳಶ ತುಂಬಿಸಿದರು. ಬಿಲ್ಲೆಯ ಯಂತ್ರದ ಮುಂದೆ ಸೀರೆ ನೆನೆಸಿಕೊಂಡಿದ್ದ ಒಬ್ಬರು ಆ ಕಥೆಯನ್ನು ಮತ್ತೊಮ್ಮೆ ಹೇಳಿ ನಗಿಸಿದರು. ಸುತ್ತಲಿನ ತೋಟಗಳಲ್ಲಿ ಮಾವು ಹೂ ಬಿಟ್ಟಿತ್ತು. ಹೂವಿಗೆ ಹೊಡೆದ ಔಷಧಿಯ ವಾಸನೆ ಏರಿಯವರೆಗೂ ಬರುತ್ತಿತ್ತು. ಮಾವಿನ ಚೌಕದ ಮಾತು ಆ ದಿನ ಯಾರೂ ಆಡಲಿಲ್ಲ.

ಮನೆಗೆ ಬಂದಾಗ ಹಿಂದಿನ ಅಂಗಳದಲ್ಲಿ ಒಲೆ ಹೊತ್ತಿಸಿ, ದೊಡ್ಡ ಪಾತ್ರೆಯಲ್ಲಿ ಕ್ಯಾನಿನ ನೀರು ಸುರಿದು ಎಸರಿಟ್ಟಿದ್ದರು. ಕಳಶದಿಂದ ಒಂದು ಚೊಂಬು ತೆಗೆದು ಮೈದುನನ ಮಗನೇ ಹಿಡಿದು ತಂದರು. ಅಡಿಗೆಯವರು ದಾರಿ ಬಿಟ್ಟರು. ಅಜ್ಜಿ ಚೊಂಬು ತೆಗೆದುಕೊಂಡು ಪಾತ್ರೆಯ ಹತ್ತಿರ ನಿಂತರು, ಹಾಕಲಿಲ್ಲ.

ಶಿಕ್ಷಕಿ ಹತ್ತಿರ ಹೋಗಿ, "ಅವ್ವ, ಎಸರು ಕುದಿಯುತ್ತಲ್ಲ. ಕುದಿದ ಮೇಲೆ ಆ ಕೆಟ್ಟದ್ದು ಉಳಿಯಲ್ಲ. ಒಂದು ಚೊಂಬು ಹಾಕಿದ್ರೆ ಏನೂ ಆಗಲ್ಲ" ಎಂದರು. ಅವರು ಹೇಳಿದ್ದು ಸರಿಯಾಗಿತ್ತು.

"ಬೇಯ್ಸಿದ್ರೆ ಸಗಣಿ ಅನ್ನ ಆಗ್ತೈತೇನಮ್ಮ?" ಎಂದರು ಅಜ್ಜಿ.

ಮೈದುನನ ಮಗ ಬಾಟಲಿಯನ್ನು ಇನ್ನೂ ಜೇಬಿನಲ್ಲಿಟ್ಟುಕೊಂಡಿದ್ದರು. ತೆಗೆದು ನೋಡಿದರು. "ಹೋದ ಸಲಕ್ಕಿಂತ ಎಷ್ಟೋ ವಾಸಿ, ದೊಡ್ಡಮ್ಮ" ಎಂದರು.

"ವಾಸಿ. ಇಲ್ಲ ಅಂದ್ನಾ?"

ಆಕೆ ಚೊಂಬನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡರು. ಆತನ ಕಣ್ಣಿಗೂ ಒತ್ತಿದರು. ಒಲೆಯ ಪಕ್ಕದಿಂದ ಹಿತ್ತಲಿಗೆ ಹೋಗಿ ತೆಂಗಿನ ಗಿಡದ ಬುಡಕ್ಕೆ ನಿಧಾನವಾಗಿ ಸುರಿದರು. ಖಾಲಿ ಚೊಂಬನ್ನು ಆತನ ಕೈಗೆ ಕೊಟ್ಟರು.

"ಈ ಮದುವೆಗೆ ಬೇಡ. ಮುಂದಿನದಕ್ಕೆ ಹಾಕೋಣ."

"ಮುಂದಿನದು ಯಾವುದು?"

"ನಿನ್ನ ಮಗಳದು."

"ಅವಳಿನ್ನೂ ಏಳನೇ ಕ್ಲಾಸು ದೊಡ್ಡಮ್ಮ."

"ಓದ್ಲಿ. ಡಿಗ್ರಿ ಮುಗಿಸ್ಲಿ, ಕೆಲ್ಸಕ್ಕೆ ಸೇರ್ಲಿ. ಅಲ್ಲೀವರ್ಗೂ ನಿಂಗೆ ಟೈಮೈತೆ" ಎಂದು ಹೇಳಿ ಅಜ್ಜಿ, ಎಸರಿಗೆ ಅಕ್ಕಿ ಬಿಡಿ ಎಂದು ಅಡಿಗೆಯವರಿಗೆ ಕೂಗಿದರು.

ಆತ ಚೊಂಬು ಹಿಡಿದೇ ನನ್ನ ಕಡೆ ತಿರುಗಿ, ತಿಪ್ಪೆಗುಂಡಿ ಬಾವಿಯಿಂದ ಎಷ್ಟು ದೂರ ಇರಬೇಕು ಎಂದು ನಿಮ್ಮ ಪುಸ್ತಕದಲ್ಲಿ ಬರೆದಿದೆಯಾ ಎಂದು ಕೇಳಿದರು. ನನ್ನ ಪುಸ್ತಕದಲ್ಲಿ ಜನ ಹೇಳಿದ್ದು ಮಾತ್ರ ಇತ್ತು. ಶಿಕ್ಷಕಿಯನ್ನು ತೋರಿಸಿದೆ. ಅವರಿಬ್ಬರೂ ಚಪ್ಪರದ ಹಿಂದಿನಿಂದ ದಿನ್ನೆಯ ಕಡೆ ಹೋದರು. ಆತ ಹೆಜ್ಜೆ ಎಣಿಸುತ್ತಿದ್ದುದು ಅನ್ನದ ಹಬೆಯ ಆಚೆ ಕಾಣುತ್ತಿತ್ತು. ಖಾಲಿ ಚೊಂಬು ಇನ್ನೂ ಕೈಯಲ್ಲೇ ಇತ್ತು.